‘ಹೊಂದಿಕೊಂಡಿತು’ ಅಂದರೆ ಯಾರು, ಯಾವಾಗ?

ನಮಸ್ಕಾರ.

ಡಿಎನ್‌ಎ ಕೆಡಿಸುವ ರಾಸಾಯನಿಕಗಳನ್ನು ಯೀಸ್ಟ್ ಹೇಗೆ ಎದುರಿಸುತ್ತದೆ ಎಂಬ ನಿಮ್ಮ ಲೇಖನ ಓದಿದೆ. ವಿಷಯ ಒಳ್ಳೆಯದು, ಭಾಷೆ ತಿಳಿಯಾಗಿದೆ. ಆದರೆ ಮೂರನೇ ಪ್ಯಾರಾ ನನ್ನನ್ನು ರಾತ್ರಿಯೆಲ್ಲಾ ಕಾಡಿತು.

‘ಎಂಎಂಎಸ್‌ಗೆ ಯೀಸ್ಟ್ ಹೊಂದಿಕೊಂಡಿತು’ ಎಂದು ಶುರು ಮಾಡಿದ್ದೀರಿ. ಎಂಎಂಎಸ್ ಎಂಬ ರಾಸಾಯನಿಕ ಡಿಎನ್‌ಎ ಅಕ್ಷರಗಳಿಗೆ ಮೀಥೈಲ್ ಗುಂಪು ಅಂಟಿಸುತ್ತದೆ. ಮ್ಯಾಗ್1 ಎಂಬ ಕಿಣ್ವ ಕೆಟ್ಟ ಅಕ್ಷರವನ್ನು ಕಿತ್ತು ಹಾಕುತ್ತದೆ, ಬೇರೆ ಕಿಣ್ವಗಳು ಆ ಜಾಗ ತುಂಬುತ್ತವೆ. ಇದು ರಿಪೇರಿ. ಅದೇ ಕೋಶ, ಅದೇ ಜೀನ್‌ಗಳು.

ಮುಂದಿನ ಸಾಲು: ‘ಕೊನೆಗೆ ಹೊಂದಿಕೊಂಡು ವಿಭಜನೆಯಾಯಿತು.’ ಇದು ಬೇರೆಯೇ ಕಥೆ. ತುಂಡಾದ ಡಿಎನ್‌ಎ ಸರಿಹೋಗದಿದ್ದರೂ, ವಿಭಜನೆ ನಿಲ್ಲಿಸಿ ಗಂಟೆಗಟ್ಟಲೆ ಕಾದ ಕೋಶ ಕಾಯುವುದನ್ನು ಬಿಟ್ಟು ಎರಡಾಗುತ್ತದೆ. ಗಾಯ ಹಾಗೇ ಇರುತ್ತದೆ.

ಮೂರನೆಯದು: ‘ತನ್ನ ಜೀನ್ ಬದಲಿಸಿಕೊಂಡು ಗೆದ್ದಿತು.’ ಬದಲಿಸಿಕೊಂಡಿತಾ? ಯಾರು? 1952ರಲ್ಲಿ ವಿಜ್ಞಾನಿಗಳಾದ ಲೆಡರ್‌ಬರ್ಗ್ ದಂಪತಿ ಬ್ಯಾಕ್ಟೀರಿಯಾ ಬೆಳೆದ ತಟ್ಟೆಗೆ ವೆಲ್ವೆಟ್ ಬಟ್ಟೆ ಒತ್ತಿ, ಅದನ್ನೇ ಔಷಧಿ ಹಾಕಿದ ತಟ್ಟೆಗಳಿಗೂ ಒತ್ತಿದರು. ತಟ್ಟೆ ಬದಲಾದರೂ ಬದುಕಿದವು ಅದೇ ಜಾಗದಲ್ಲೇ ಎದ್ದವು. ಅಂದರೆ ಔಷಧಿ ಸೋಕುವ ಮೊದಲೇ ಅವು ಹಾಗಿದ್ದವು. ಎಂಎಂಎಸ್ ತಾನೇ ಹೊಸ ಬದಲಾವಣೆ ತರಿಸುತ್ತದೆ, ನಿಜ. ಆದರೆ ಕೋಶಕ್ಕೆ ಬೇಕಾದ ಕಡೆಯೇ ತರಿಸುವುದಿಲ್ಲ. ಕೋಟಿ ಕೋಶಗಳಲ್ಲಿ ಬಹಳಷ್ಟು ಸಾಯುತ್ತವೆ. ಯಾವುದೋ ಒಂದಕ್ಕೆ ಒದಗಿ ಬಂದ ಬದಲಾವಣೆ ಅದರ ಸಂತತಿಗೆ ಹೋಗುತ್ತದೆ.

ಮೂರು ಸಂಗತಿ, ಒಂದೇ ಕ್ರಿಯಾಪದ. ಓದುಗನಿಗೆ ಉಳಿಯುವುದು ಹಟ ಹಿಡಿದ ಜಾಣ ಯೀಸ್ಟ್ ಮಾತ್ರ, ಅಲ್ವಾ?

ನಾನು ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದಾಗ ಹತ್ತಿಯ ಕಾಯಿಕೊರಕದ ಬಗ್ಗೆ ಬರೆದಿದ್ದೆ. ‘ಹುಳು ಔಷಧಿಗೆ ಒಗ್ಗಿಹೋಗಿವೆ’ ಎಂಬ ಸಾಲಿನ ಕೆಳಗೆ ಹಿರಿಯರು ಪೆನ್ಸಿಲ್‌ನಲ್ಲಿ ಗೆರೆ ಎಳೆದರು. ‘ನಿನ್ನೆ ಔಷಧಿ ತಿಂದ ಹುಳುವಾ, ಅದರ ಮೊಮ್ಮಗುವಾ?’ ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಊಟಕ್ಕೂ ಏಳದೆ ಅದೊಂದು ಸಾಲನ್ನೇ ತಿದ್ದುತ್ತಾ ಕೂತಿದ್ದೆ. ಸಂಜೆಗೆ ಅದು ಐದು ಸಾಲಾಗಿತ್ತು. ಅವರು ಐದನ್ನೂ ಉಳಿಸಿಕೊಂಡರು, ಬದಲಿಗೆ ನನ್ನ ಪೀಠಿಕೆಯನ್ನು ಹೊಡೆದು ಹಾಕಿದರು.

ನಿಮ್ಮ ಲೇಖನ ನನಗೆ ಬೇಕು. ಮೂರನೇ ಪ್ಯಾರಾವನ್ನು ಮೂರು ಪ್ಯಾರಾ ಮಾಡಿ. ಪ್ರತಿಯೊಂದರಲ್ಲೂ ಯಾವ ಕೋಶ, ಎಷ್ಟು ಹೊತ್ತು ಅಥವಾ ಎಷ್ಟು ತಲೆಮಾರು ಎಂದು ಬರೆಯಿರಿ. ಜಾಗ ನಾನು ಮಾಡಿಕೊಡುತ್ತೇನೆ.