ಇಂಗ್ಲಿಷ್ ಕ್ಲಾಸ್‌ನಲ್ಲಿ ಜೂನ್‌ನಿಂದಲೇ ಪಾಸಿಂಗ್ ಪ್ಯಾಕೇಜ್ ಹಿಡಿಯಬೇಕಾ, ಪಾಠ ಮಾಡಬೇಕಾ?

ಯಾದಗಿರಿ ಜಿಲ್ಲೆ, ಸರ್ಕಾರಿ ಪ್ರೌಢಶಾಲೆ, ಮೊದಲ ಪೋಸ್ಟಿಂಗ್. ಹೆಡ್‌ಮಾಸ್ಟರ್‌ಗೆ ರಿಸಲ್ಟ್ ಬೇಕು, ನಿಮಗೆ ಇಂಗ್ಲಿಷ್ ಕಲಿಸಬೇಕು. ನಿಮ್ಮ ಪ್ರಶ್ನೆ ಓದಿ ನಗು ಬಂತು. 2023ರ ಜೂನ್‌ನಲ್ಲಿ ನನ್ನದೂ ಇದೇ ಕಥೆ. ನಾನು ಪ್ಯಾಕೇಜ್ ಹಿಡಿದೆ, ಅಂದರೆ ಪಾಸಾಗಲು ಬೇಕಾದಷ್ಟನ್ನೇ ಆಯ್ದು ಬಾಯಿಪಾಠ ಮಾಡಿಸಿದೆ.

ನಮ್ಮ ಶಾಲೆ ಗುರುಮಠಕಲ್ ಕಡೆ, ತೆಲಂಗಾಣದ ಗಡಿಗೆ ಹತ್ತಿರ. ಮಕ್ಕಳ ಮನೆಯಲ್ಲಿ ತೆಲುಗು, ತಾಂಡಾದವರಾದರೆ ಲಂಬಾಣಿ. ಶಾಲೆಯಲ್ಲಿ ಕನ್ನಡ, ಬಜಾರಿನಲ್ಲಿ ಒಂದಿಷ್ಟು ಉರ್ದು. ಅಂಕಪಟ್ಟಿಯಲ್ಲಿ ಇಂಗ್ಲಿಷ್ 'ದ್ವಿತೀಯ ಭಾಷೆ'. ನಿಜವಾಗಿ ಲೆಕ್ಕ ಹಾಕಿದರೆ ನಾಲ್ಕನೆಯದೋ ಐದನೆಯದೋ. ಹತ್ತಿ ಬಿಡಿಸುವ ಕಾಲ ಬಂದರೆ ಅರ್ಧ ಕ್ಲಾಸ್ ಹೊಲದಲ್ಲಿರುತ್ತದೆ.

ಹತ್ತನೇ ಕ್ಲಾಸಿನ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ನೀಲನಕ್ಷೆ, ಅಂದರೆ ಯಾವುದಕ್ಕೆ ಎಷ್ಟು ಅಂಕ ಅನ್ನುವ ಪಟ್ಟಿ, ಮುಂದಿಟ್ಟುಕೊಂಡು ಕೂತೆ. ಲಿಖಿತ ಪರೀಕ್ಷೆ 80 ಅಂಕ, ಆಂತರಿಕ 20. ಆಂತರಿಕದ್ದು ಹೇಗೂ ನಮ್ಮ ಕೈಯಲ್ಲೇ. ಮಾತಾಡುವುದು, ಕೇಳಿ ಅರ್ಥ ಮಾಡಿಕೊಳ್ಳುವುದು ಲಿಖಿತದಲ್ಲಿ ಇಲ್ಲ, ಹಾಗಾಗಿ ಅವನ್ನು ಕೈಬಿಟ್ಟೆ. ಕಂಠಪಾಠದ ಪದ್ಯ, ಪದ್ಯದ ಸಾರಾಂಶ, ಎರಡು ಪ್ರಬಂಧ, ಒಂದು ಪತ್ರ. ಒಟ್ಟು 12 ಹಾಳೆ, ಜೆರಾಕ್ಸ್ ನನ್ನ ದುಡ್ಡಲ್ಲೇ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ. ಮಕ್ಕಳು ಗಿಣಿಗಳ ಹಾಗೆ ಒಪ್ಪಿಸುತ್ತಿದ್ದರು. ನನಗೂ ಹೆಮ್ಮೆ.

ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ. ಪತ್ರದ ಪ್ರಶ್ನೆ ಏನಿತ್ತೆಂದರೆ, ನಿಮ್ಮ ಊರಿಗೆ ಬಸ್ ಸರಿಯಾಗಿ ಬರುತ್ತಿಲ್ಲ, ಡಿಪೋ ಮ್ಯಾನೇಜರ್‌ಗೆ ಬರೆಯಿರಿ. ನಾನು ಕಲಿಸಿದ್ದು ಹೆಡ್‌ಮಾಸ್ಟರ್‌ಗೆ ರಜೆ ಕೇಳುವ ಪತ್ರ. ಪೇಪರ್ ತಿದ್ದಲು ಕೂತರೆ ಮುಕ್ಕಾಲು ಪಾಲು ಮಕ್ಕಳು ಅದನ್ನೇ ಬರೆದಿದ್ದಾರೆ. ನನಗೆ ಜ್ವರ, ಮೂರು ದಿನ ರಜೆ ಕೊಡಿ ಅಂತ. ಸ್ಟಾಫ್ ರೂಮಿನಲ್ಲಿ ಓದಿ ಎಲ್ಲರೂ ನಕ್ಕೆವು. ಒಬ್ಬ ಹುಡುಗನನ್ನು ಕರೆದು ಕೇಳಿದೆ. "ಪತ್ರ ಬಂದಿತ್ತುರಿ ಮೇಡಂ, ಆದ್ರ ನಮ್ಮ ಪತ್ರ ಬಂದಿಲ್ಲರಿ" ಅಂದ.

ಇಲ್ಲಿ ಸ್ವಲ್ಪ ನಿಧಾನ ಓದಿ. ನನ್ನ ತಪ್ಪು ಬಾಯಿಪಾಠ ಮಾಡಿಸಿದ್ದು ಅಂತ ನೀವು ಅಂದುಕೊಳ್ಳುತ್ತೀರಿ. ಅಲ್ಲ. ತಪ್ಪು ಮಾಡಿದ್ದು ಅವತ್ತು ರಾತ್ರಿ. ಮನೆಗೆ ಬಂದು ಡಿಪೋ ಮ್ಯಾನೇಜರ್‌ಗೆ ಒಂದು ಪತ್ರ, ಕುಡಿಯುವ ನೀರಿನ ಬಗ್ಗೆ ಒಂದು, ಪುಸ್ತಕದಂಗಡಿಗೆ ಒಂದು, ಹೀಗೆ ಇನ್ನೂ ನಾಲ್ಕು ಪತ್ರ ತಯಾರಿಸಿದೆ. ಮರುದಿನ ಬೋರ್ಡ್ ಮೇಲೆ ಬರೆದೆ: ಪ್ರಶ್ನೆಯಲ್ಲಿ 'ಬಸ್' ಕಂಡರೆ ಎರಡನೇ ಪತ್ರ, 'ವಾಟರ್' ಕಂಡರೆ ಮೂರನೆಯದು. ಅಂದರೆ ಏನು ಮಾಡಿದ ಹಾಗಾಯಿತು ನೋಡಿ. ಆ ಹುಡುಗನ ಪತ್ರದಲ್ಲಿ ಒಂದು ಸ್ಪೆಲ್ಲಿಂಗ್ ತಪ್ಪೂ ಇರಲಿಲ್ಲ. ವಿಳಾಸ, ದಿನಾಂಕ, ಸಹಿ ಎಲ್ಲ ಜಾಗದಲ್ಲೇ ಇದ್ದವು. ಅವನಿಗೆ ಪತ್ರ ಬರುತ್ತಿತ್ತು, ಪ್ರಶ್ನೆ ಓದಲು ಬರುತ್ತಿರಲಿಲ್ಲ. ರೋಗ ಕಣ್ಣಮುಂದೆ ಬಂದು ಕೂತಿತ್ತು. ನಾನು ಪ್ರಶ್ನೆ ಓದದೇ ಪಾರಾಗುವ ಇನ್ನೊಂದು ಉಪಾಯ ಹೇಳಿಕೊಟ್ಟೆ. ಪರೀಕ್ಷೆಗೆ ಇನ್ನೂ ಐದು ವಾರ ಇತ್ತು. ಆ ಐದು ವಾರ ಬರೀ ಪ್ರಶ್ನೆಪತ್ರಿಕೆ ಓದಿಸಿದ್ದರೂ ಸಾಕಿತ್ತು. ಆ ರಾತ್ರಿ ಇವತ್ತಿಗೂ ಚುಚ್ಚುತ್ತದೆ.

2024ರ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂತು. ಕೋಣೆ ಕೋಣೆಗೂ ಕ್ಯಾಮೆರಾ. ಅದಕ್ಕೆ ಮುಂಚೆ ಏನೇನು ನಡೆಯುತ್ತಿತ್ತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ರಾಜ್ಯದ ಫಲಿತಾಂಶ ಹಿಂದಿನ ವರ್ಷದ 83.89ರಿಂದ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಜಾಸ್ತಿ ಕೊಟ್ಟ ಮೇಲೆ. ಕೊನೆಯ ಸ್ಥಾನ ನಮ್ಮ ಯಾದಗಿರಿ, ಶೇ. 50.59. ಮರುವರ್ಷ ಆ ಜಾಗಕ್ಕೆ ಕಲಬುರಗಿ ಬಂತು. ನನಗೆ ಕಾರಣ ಕೇಳಿ ನೋಟಿಸ್ ಬಂತು. ಅದು ಹೋಗಲಿ.

ಡಿಪೋ ಮ್ಯಾನೇಜರ್‌ಗೆ ರಜೆ ಕೇಳಿದ್ದನಲ್ಲ, ಅವನು ಇಂಗ್ಲಿಷ್ ಒಂದರಲ್ಲೇ ಫೇಲ್. ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿದೆವು. ಗದ್ಯಭಾಗ ಓದಿ ಉತ್ತರಿಸುವ ಜಾಗದಲ್ಲಿ, ಉತ್ತರದ ಬದಲು ಪ್ರಶ್ನೆಯನ್ನೇ ದುಂಡಗೆ ನಕಲು ಮಾಡಿದ್ದ. ಉತ್ತರ ಮೇಲಿನ ಗದ್ಯದಲ್ಲೇ ಇತ್ತು. ಬೆರಳಿಟ್ಟು ತೋರಿಸಿ ಕನ್ನಡದಲ್ಲಿ ಪ್ರಶ್ನೆ ಹೇಳಿದೆ. ಥಟ್ಟನೆ ಸಾಲು ಹುಡುಕಿದ. ಫೇಲಾದವರು ಮತ್ತೆ ಬರೆಯಬಹುದಾದ ಪರೀಕ್ಷೆ-2ಕ್ಕೆ ಉಳಿದಿದ್ದ ದಿನಗಳಲ್ಲಿ ಅವನಿಗೆ ಪ್ರಶ್ನೆಪದಗಳನ್ನಷ್ಟೇ ಹೇಳಿಕೊಟ್ಟೆ. ಹೂ ಅಂದರೆ ಎವರು, ವೇರ್ ಅಂದರೆ ಎಕ್ಕಡ, ವೈ ಅಂದರೆ ಎಂದುಕು. ತೆಲುಗಿನಲ್ಲಿ ಹೇಳಿದ್ದು ಅವನಿಗೆ ಬೇಗ ಹತ್ತಿತು. ಪಾಸಾದ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಪರೀಕ್ಷೆ ಒಂದು ಕಡೆ, ಇಂಗ್ಲಿಷ್ ಇನ್ನೊಂದು ಕಡೆ ಅಂತ ಯಾರು ಹೇಳಿದ್ದು? ಗದ್ಯಭಾಗ, ಚಿತ್ರ ನೋಡಿ ಬರೆಯುವುದು, ಸುಳಿವು ಕೊಟ್ಟು ವ್ಯಕ್ತಿಪರಿಚಯ ಬರೆಸುವುದು, ಇವಕ್ಕೆ ಬೇಕಾದದ್ದೆಲ್ಲ ಪ್ರಶ್ನೆಪತ್ರಿಕೆಯಲ್ಲೇ ಇರುತ್ತದೆ. ಓದಲು ಬಂದವನಿಗೆ ಪುಕ್ಕಟೆ ಅಂಕ. ಪ್ಯಾಕೇಜ್ ಜನವರಿಯಲ್ಲಿ ಕೊಡಿ, ಬೇಡ ಅನ್ನುವುದಿಲ್ಲ. ಪಾಸಾಗದ ಹುಡುಗಿಗೆ ಇಲ್ಲಿ ಏನಾಗುತ್ತದೆ ಅಂತ ನಿಮಗೂ ಗೊತ್ತು, 'ಅಂಕ ಮುಖ್ಯ ಅಲ್ಲ' ಅನ್ನುವ ಭಾಷಣ ಬೇಡ. ಆದರೆ ಜೂನ್‌ನಿಂದ ಡಿಸೆಂಬರ್‌ವರೆಗೆ ದಿನಾ ಹತ್ತು ನಿಮಿಷ, ಮೊದಲು ನೋಡಿರದ ಏನಾದರೂ ಓದಿಸಿ. ಆಗುವುದಾದರೆ ಎಂಟನೇ ಕ್ಲಾಸಿನಿಂದಲೇ.

ನಾನು ಖಾಲಿ ಯೂರಿಯಾ ಚೀಲ ತರಿಸುತ್ತೇನೆ. ಎಲ್ಲರ ಮನೆಯಲ್ಲೂ ಇರುತ್ತದೆ. ಏನು ಸರಕು, ತೂಕ ಎಷ್ಟು, ನೈಟ್ರೋಜನ್ ಎಷ್ಟು, 'ಯೂಸ್ ನೋ ಹುಕ್ಸ್' ಅಂದರೆ ಯಾರಿಗೆ ಹೇಳಿದ್ದು? ಕೊನೆಯದಕ್ಕೆ ಅರ್ಧ ಗಂಟೆ ಜಗಳ ಆಯಿತು. ಅಪ್ಪ ಹಮಾಲಿ ಮಾಡುವ ಹುಡುಗ ಎದ್ದು ಕೊಕ್ಕೆ ಹಾಕುವ ನಟನೆ ಮಾಡಿ ತೋರಿಸಿದ. ಇನ್ನೊಬ್ಬಳು ತೂಕ ಓದಿ ಅಂಗಡಿಯವನ ಹತ್ತಿರ ಹೋಗಿ ಜಗಳ ಮಾಡಿಬಂದಳು, 'ನಮ್ಮಪ್ಪ ಐವತ್ತು ಕಿಲೋ ಅಂತಾನ, ಇಲ್ಲಿ 45 ಬರದೈತಿ' ಅಂತ. ಅವಳ ಅಪ್ಪ ಮರುದಿನ ಶಾಲೆಗೇ ಬಂದ. ಯೂರಿಯಾ ಚೀಲ 2018ರಿಂದಲೇ 45 ಕೆಜಿ ಆಗಿದೆ, ಅಂಗಡಿಯವನದು ತಪ್ಪಿಲ್ಲ ಅಂತ ಕೂರಿಸಿ ಹೇಳಿದೆ. ಆತ ಚೀಲ ತಿರುಗಿಸಿ ತಿರುಗಿಸಿ ನೋಡಿದ. "ಇಷ್ಟು ವರ್ಷ ನನಗ್ಯಾರೂ ಹೇಳೇ ಇಲ್ಲಲ್ರಿ ಮೇಡಂ" ಅಂದ.