ಮುತ್ತಜ್ಜನ ಆಂಬುಲೆನ್ಸ್

ಪ್ರಶ್ನೆ: ನಮ್ಮ ಮುತ್ತಜ್ಜ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿ ಫೋರ್ಡ್ ಆಂಬುಲೆನ್ಸ್ ಓಡಿಸುತ್ತಿದ್ದರು. ಬಂದೂಕು ಹಿಡಿದವರಲ್ಲ, ಬರೀ ಡ್ರೈವರ್. ಮನೆಯಲ್ಲಿ ಉಳಿದಿರುವುದು ಬ್ರಿಟಿಷ್ ಯುದ್ಧ ಪದಕವೊಂದೇ. ಅವರ ಕೆಲಸ ಹೇಗಿದ್ದಿರಬಹುದು?

ಉತ್ತರ: ‘ಬರೀ ಡ್ರೈವರ್’ ಅನ್ನಬೇಡಿ! ಹಳೇ ಗಾಡಿಗಳ ಹುಚ್ಚು ನನಗೂ ಇದೆ, ಅದಕ್ಕೇ ಹೇಳುತ್ತೇನೆ. ಫೋರ್ಡ್ ಮಾಡೆಲ್ ಟಿ ಸುಮ್ನೆ ಓಡುವ ಗಾಡಿಯಲ್ಲ. ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡಬೇಕು. ಆ ಹ್ಯಾಂಡಲ್ ಹಿಮ್ಮುಖವಾಗಿ ಒದ್ದರೆ ಕೈಮೂಳೆ ಮುರಿದಂತೆಯೇ. ಆಕ್ಸಿಲರೇಟರ್ ಇದ್ದದ್ದು ಕಾಲಡಿ ಅಲ್ಲ, ಸ್ಟೀರಿಂಗ್ ಪಕ್ಕ. ಪೆಟ್ರೋಲ್‌ಗೆ ಪಂಪ್ ಇಲ್ಲ, ಟ್ಯಾಂಕಿನಿಂದ ತಾನಾಗಿ ಇಳಿಯಬೇಕು. ಹಾಗಾಗಿ ಕಡಿದಾದ ಏರಿನಲ್ಲಿ ಪೆಟ್ರೋಲ್ ಕಡಿಮೆಯಿದ್ದರೆ ರಿವರ್ಸ್‌ನಲ್ಲೇ ಹತ್ತಿಸುತ್ತಿದ್ದರು! ಹಿಂದೆ ಸ್ಟ್ರೆಚರ್ ಮೇಲೆ ಗಾಯಾಳುಗಳು. ಶತ್ರುವಿನ ಕಣ್ಣಿಗೆ ಬೀಳಬಾರದೆಂದು ರಾತ್ರಿ ಲೈಟ್ ಹಾಕುವಂತಿರಲಿಲ್ಲ. ರಸ್ತೆ ತುಂಬಾ ಶೆಲ್ ಬಿದ್ದ ಗುಂಡಿ. ವೇಗ ಹೋದರೆ ಹಿಂದಿನವರಿಗೆ ನರಕ, ನಿಧಾನಿಸಿದರೆ ಜೀವಕ್ಕೇ ಅಪಾಯ. ಇದಕ್ಕಿಂತ ಜಾಸ್ತಿ ಧೈರ್ಯ ಇನ್ನೇನು ಬೇಕು, ಅಲ್ವಾ?

ಪದಕದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಹೆಸರು, ತುಕಡಿ, ಸಾಮಾನ್ಯವಾಗಿ ನಂಬರ್ ಕೂಡ ಅಲ್ಲೇ ಇರುತ್ತದೆ. ಹುಡುಕಾಟ ಅಲ್ಲಿಂದಲೇ ಶುರು ಮಾಡಿ. ಪಾಲಿಶ್ ಮಾತ್ರ ಹಾಕಬೇಡಿ, ಅಕ್ಷರ ಸವೆಯುತ್ತದೆ.