ಮುಟ್ಟಿದ್ದು ಯಾರು, ಯಾತಕ್ಕೆ?

ಬಸವನಗುಡಿಯ ಓದುಗರೊಬ್ಬರ ಪತ್ರ: 'ನಮ್ಮತ್ತೆಗೆ ಮರೆವಿನ ಕಾಯಿಲೆ. ಜಪಾನಿನಿಂದ ತಂದ ಪಾರೋ ಎಂಬ ಸೀಲ್ ಮರಿ ರೋಬೋವನ್ನು ತೊಡೆ ಮೇಲಿಟ್ಟುಕೊಂಡು ಸವರುತ್ತಾ ಕೂರುತ್ತಾರೆ. ಮಾತಾಡುವ ಇನ್ನೊಂದು ರೋಬೋ ಕೈ ಚಾಚಿ "ಕುಶಲವೇ?" ಎಂದರೆ ಮಾತ್ರ ಬೆಚ್ಚುತ್ತಾರೆ. ಎರಡೂ ಯಂತ್ರಗಳೇ ಅಲ್ಲವೇ?'

ಯಂತ್ರಗಳೇ. ಆದರೆ ಒಂದನ್ನು ನಿಮ್ಮತ್ತೆ ಮುಟ್ಟುತ್ತಾರೆ, ಇನ್ನೊಂದು ಅವರನ್ನು ಮುಟ್ಟಲು ಬರುತ್ತದೆ. ಅಮೆರಿಕದ ವಿಶ್ವವಿದ್ಯಾಲಯವಾದ ಜಾರ್ಜಿಯಾ ಟೆಕ್‌ನಲ್ಲಿ 2011ರಲ್ಲಿ 56 ಜನರ ಕೈಯನ್ನು ರೋಬೋದಿಂದ ಸವರಿಸಿ ನೋಡಿದರು. ಸವರಿದ್ದು ಒಂದೇ ಥರ. ಕೈ ಶುಚಿ ಮಾಡುತ್ತಿದೆ ಎಂದುಕೊಂಡವರು ಸುಮ್ಮನಿದ್ದರು, ಸಮಾಧಾನ ಹೇಳುತ್ತಿದೆ ಎಂದುಕೊಂಡವರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಮುಟ್ಟುವ ಮುಂಚೆ ರೋಬೋ ಬಾಯಲ್ಲಿ ಹೇಳಿದ್ದೂ ನೆರವಾಗಲಿಲ್ಲ, ಇನ್ನಷ್ಟು ಕೆಡಿಸಿತು. (ಹಾಗೆಂದು ಮರೆವಿನವರನ್ನು ಹೇಳದೆ ಕೇಳದೆ ಮುಟ್ಟಿಸಬೇಡಿ.)

ಚರ್ಮಕ್ಕೂ ತನ್ನದೇ ಲೆಕ್ಕವಿದೆ. ರೋಮವಿರುವ ಚರ್ಮದಲ್ಲಿ, ಹಿತವಾದ ಸವರುವಿಕೆಗೆಂದೇ ಇರುವ ನಿಧಾನದ ನರತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗ, ಸುಮಾರು 32 ಡಿಗ್ರಿ ಬಿಸುಪು ಸಿಕ್ಕರೆ ಅವು ಚೆನ್ನಾಗಿ ಮಿಡಿಯುತ್ತವೆ. 3 ಸೆಂಟಿಮೀಟರ್ ವೇಗವೆಂದರೆ ಮೊಣಕೈಯಿಂದ ಮಣಿಕಟ್ಟಿಗೆ ಬರಲು ಸುಮಾರು 8 ಸೆಕೆಂಡು. ನಮ್ಮ ಡಿಸೆಂಬರ್ ಬೆಳಗಿನಲ್ಲಿ ಮೊಸಾಯಿಕ್ ನೆಲದ ಮೇಲೆ ತಣ್ಣಗೆ ನಿಂತಿದ್ದ ಪ್ಲಾಸ್ಟಿಕ್ ಕೈ ಗಬಕ್ಕನೆ ತಾಗಿದರೆ ಯಾರಿಗೆ ಹಿತ?

ಮಾತಿನಲ್ಲೂ ಇದೇ ಪಾಡು. ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವೆ ಸುಮಾರು ಸೆಕೆಂಡಿನ ಐದನೇ ಒಂದು ಪಾಲಷ್ಟೇ ಬಿಡುವು. ರೋಬೋ ಎರಡು ಸೆಕೆಂಡು ತಡೆದರೆ 'ಕೇಳಿಸಲಿಲ್ಲವೇನೋ' ಎಂದು ಅತ್ತೆ ಮತ್ತೆ ಹೇಳುತ್ತಾರೆ, ಅಷ್ಟರಲ್ಲಿ ಅದೂ ಬಾಯಿ ತೆರೆಯುತ್ತದೆ. ಎರಡೂ ಮಾತು ಡಿಕ್ಕಿ. ಮೇಲಾಗಿ 'ಊಟ ಆಯ್ತಾ' ಎನ್ನುವ ಮನೆಯಲ್ಲಿ 'ಕುಶಲವೇ' ಎಂದರೆ ಆಕಾಶವಾಣಿ ಕೇಳಿದಂತೆ.

ಪಾರೋಗೆ ಈ ತಾಪತ್ರಯವಿಲ್ಲ. ಅದು ಬರೀ ಕುಂಯ್‌ಗುಟ್ಟುತ್ತದೆ. ತಯಾರಿಸಿದ ಶಿಬಾಟಾ ಬೇಕೆಂದೇ ಬೆಕ್ಕು, ನಾಯಿಯ ರೂಪ ಬಿಟ್ಟರು: ಅವನ್ನು ಎಲ್ಲರೂ ಸಾಕಿ ಬಲ್ಲರು, ಕೂಡಲೇ ಕೊರತೆ ಹುಡುಕುತ್ತಾರೆ. ಸೀಲ್ ಮರಿಯನ್ನು ಹತ್ತಿರದಿಂದ ಕಂಡವರು ಬಸವನಗುಡಿಯಲ್ಲಿ ಎಷ್ಟು ಮಂದಿ?

ಮಾತಿನ ರೋಬೋವನ್ನು ಬೆನ್ನ ಹಿಂದೆ ಬೇಡ, ಕಣ್ಣಿಗೆ ಕಾಣುವ ಕಡೆ, ಕೈಗೆಟುಕದಷ್ಟು ದೂರ ಇಡಿ. ತಾನಾಗಿ ಕೈ ಚಾಚುವುದನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಲು ಆಗುವುದಾದರೆ ನಿಲ್ಲಿಸಿ. ಪಾರೋವನ್ನು ಹೊತ್ತಿಗೆ ಸರಿಯಾಗಿ ಚಾರ್ಜ್ ಮಾಡಿ. ಚಾರ್ಜರ್ ಮಗುವಿನ ಬಾಯಿಗಿಡುವ ನಿಪ್ಪಲ್ ಆಕಾರದಲ್ಲಿದೆ, ಸಿಕ್ಕಿಸುವ ಕೆಲಸವನ್ನು ಅತ್ತೆಗೇ ಬಿಡಬಹುದು. 'ಇದಕ್ಕೆ ಜೀವ ಇದೆಯಾ?' ಎಂದು ಅವರು ಕೇಳಿದ ದಿನ, 'ಇಲ್ಲಮ್ಮ, ಬ್ಯಾಟರಿ ಬೊಂಬೆ' ಎಂದುಬಿಡಿ. ಆಮೇಲೂ ಅವರು ಸವರಿದರೆ ಸವರಲಿ.

— ಸಂ.